ತಾರಸಿ ಮೇಲೆ ಗಾಳಿಯಂತ್ರ: ಹಾಕ್ಸೋ ಮುಂಚೆ ಒಂದು ಲೆಕ್ಕ

ನಮ್ಮೂರು ಚಿತ್ರದುರ್ಗ. ಜೋಗಿಮಟ್ಟಿ ಕಡೆಯ ಬೆಟ್ಟಗಳ ಮೇಲೆ ಸಾಲಾಗಿ ನಿಂತ ಗಾಳಿಯಂತ್ರಗಳನ್ನು ನೋಡ್ತಾನೇ ಬೆಳೆದವನು ನಾನು. ಎರಡು ವರ್ಷದ ಹಿಂದೆ ರಜೆಗೆ ಹೋಗಿದ್ದಾಗ ಪಕ್ಕದ ಮನೆ ಅಂಕಲ್ ಕೇಳಿದ್ರು: "ಅಲ್ಲಪ್ಪಾ, ಬೆಟ್ಟದ ಮೇಲೆ ಅಷ್ಟೊಂದು ತಿರುಗ್ತಾವೆ. ನಮ್ಮ ತಾರಸಿ ಮೇಲೆ ಚಿಕ್ಕದೊಂದು ಹಾಕ್ಸಿದ್ರೆ ಕರೆಂಟ್ ಹೋದಾಗ ಆಗಲ್ವಾ? ನೀನು ಇಂಜಿನಿಯರಿಂಗ್ ಓದ್ತಿದ್ದೀಯ, ಹೇಳು."

ನಾನು ಪೆನ್ನು ಹಿಡೀಲಿಲ್ಲ, ಲೆಕ್ಕ ಮಾಡ್ಲಿಲ್ಲ. "ಹಾಕ್ಸಿ ಅಂಕಲ್, ಒಳ್ಳೆ ಐಡಿಯಾ" ಅಂದುಬಿಟ್ಟೆ.

ಅವರು ರಿಟೈರ್ಮೆಂಟ್ ದುಡ್ಡಲ್ಲಿ ಹಾಕ್ಸಿದ್ರು. ಆಷಾಢದ ಗಾಳಿಗೆ ಅದು ಜೋರಾಗಿ ತಿರುಗ್ತು, ಜೊತೆಗೆ ಇಡೀ ತಾರಸಿ ಗುಂಯ್ ಅಂತು. ಕೆಳಗಿನ ರೂಮಿನಲ್ಲಿ ಮೊಮ್ಮಗು ಮಲಗಲಿಲ್ಲ. ಹಿಂದಿನ ಮನೆಯವರು ಜಗಳಕ್ಕೆ ಬಂದ್ರು. ದೀಪಾವಳಿ ಹೊತ್ತಿಗೆ ಗಾಳಿ ಬಿದ್ದು ಯಂತ್ರ ಸುಮ್ಮನೆ ನಿಂತ್ತು. ಈಗ ಅದರ ರೆಕ್ಕೆಗೆ ಹಗ್ಗ ಕಟ್ಟಿದ್ದಾರೆ. ಅಂಕಲ್ ನನಗೆ ಒಂದು ಮಾತೂ ಅಂದಿಲ್ಲ. ಅದೇ ಜಾಸ್ತಿ ಚುಚ್ಚುತ್ತೆ.

ಆವತ್ತು ಮಾಡದ ಲೆಕ್ಕವನ್ನು ಈಗ ಮಾಡ್ತೀನಿ. ಗಾಳಿಯಿಂದ ಸಿಗುವ ಶಕ್ತಿ ವೇಗದ ಘನಕ್ಕೆ ಅನುಗುಣವಾಗಿರುತ್ತೆ. ಡಬ್ಬದ ಮೇಲೆ "500 ವ್ಯಾಟ್" ಅಂತ ಬರೆದಿದ್ದರೆ ಅದು ಯಾವ ವೇಗಕ್ಕೆ ಅಂತ ಮೊದಲು ನೋಡಬೇಕು. ಸೆಕೆಂಡಿಗೆ 12 ಮೀಟರ್ ಅಂತ ಇಟ್ಕೊಳ್ಳಿ. ನಿಮ್ಮ ಬೀದಿಯಲ್ಲಿ 3 ಮೀಟರ್ ಗಾಳಿ ಇದ್ದರೆ ವೇಗ ನಾಲ್ಕನೇ ಒಂದು ಭಾಗ, ಶಕ್ತಿ ಮಾತ್ರ 64ನೇ ಒಂದು ಭಾಗ. ಅಂದ್ರೆ ಸುಮಾರು 8 ವ್ಯಾಟ್, ಒಂದು ಎಲ್‌ಇಡಿ ಬಲ್ಬಿಗಾಗುವಷ್ಟು. ನಡುವೆ ಬೀಸುವ ಜೋರು ಗಾಳಿಯ ಲಾಭವನ್ನೂ ಸೇರಿಸಿ ಇದರ ಎರಡು ಪಟ್ಟು ಹಿಡಿದರೂ ದಿನಕ್ಕೆ ಅರ್ಧ ಯೂನಿಟ್ ಆಗಲ್ಲ. ಅದೇ 500 ವ್ಯಾಟ್‌ನ ಸೋಲಾರ್ ಪ್ಯಾನಲ್ ಬಿಸಿಲಿರುವ ದಿನ 2 ಯೂನಿಟ್ ಕೊಡುತ್ತೆ, ಸದ್ದಿಲ್ಲದೆ.

ಬೆಟ್ಟದ ತುದಿಯಲ್ಲಿ ಗಾಳಿಗೆ ಅಡ್ಡಿ ಇಲ್ಲ. ಬಡಾವಣೆಯಲ್ಲಿ ನೀರಿನ ಟ್ಯಾಂಕು, ತೆಂಗಿನಮರ, ಎದುರಿನ ಮೂರಂತಸ್ತಿನ ಮನೆ, ಎಲ್ಲವೂ ಅಡ್ಡ. ಗಾಳಿ ಒಡೆದು ಸುಳಿಸುಳಿಯಾಗಿ ಬರುತ್ತೆ. ಅದರಿಂದ ಕರೆಂಟಿಗಿಂತ ಅದುರುವುದೇ ಹೆಚ್ಚು. ಸುತ್ತ 150 ಮೀಟರ್ ಒಳಗಿನ ಯಾವುದೇ ಅಡ್ಡಿಗಿಂತ ಕನಿಷ್ಠ 9 ಮೀಟರ್ ಎತ್ತರದಲ್ಲಿ ಯಂತ್ರ ಇರಬೇಕು ಅನ್ನೋದು ಈ ಕ್ಷೇತ್ರದ ಹಳೇ ಸೂತ್ರ. ಅಕ್ಕಪಕ್ಕ ಮನೆಗಳಿರುವಾಗ ಅಷ್ಟೆತ್ತರದ ಕಂಬವನ್ನು ಎಲ್ಲಿ ನಿಲ್ಲಿಸೋದು?

ಗಾಳಿಗೆ ಹೆಸರಾದ ಬ್ರಿಟನ್ನಿನಲ್ಲೂ ಕತೆ ಇದೇ. ಅಲ್ಲಿನ 'ವಾರಿಕ್ ವಿಂಡ್ ಟ್ರಯಲ್ಸ್' ಕಟ್ಟಡಗಳ ಮೇಲಿನ 26 ಸಣ್ಣ ಯಂತ್ರಗಳನ್ನು ಅಳೆದು 2009ರಲ್ಲಿ ವರದಿ ಕೊಟ್ಟಿತು. ಕೆಲವು ಯಂತ್ರಗಳು ತಯಾರಿಸಿದ್ದಕ್ಕಿಂತ ತಮ್ಮ ಎಲೆಕ್ಟ್ರಾನಿಕ್ಸ್‌ಗೇ ಹೆಚ್ಚು ಕರೆಂಟ್ ತಿಂದಿದ್ದವು.

ಹಾಗಂತ ಸಣ್ಣ ಗಾಳಿಯಂತ್ರವೇ ದಂಡ ಅಂತಲ್ಲ. ಊರಾಚೆ ಬಯಲಲ್ಲಿರೋ ತೋಟದ ಮನೆಗೆ, ಎತ್ತರದ ಕಂಬದ ಮೇಲೆ, ಸೋಲಾರ್ ಜೊತೆಗೆ ಹಾಕಿದರೆ ಉಪಯೋಗವಿದೆ. ಮಳೆಗಾಲದಲ್ಲಿ ಬಿಸಿಲು ಕಮ್ಮಿಯಾದಾಗಲೇ ನಮ್ಮಲ್ಲಿ ಗಾಳಿ ಜೋರು. ಆದರೆ ಅಲ್ಲೂ ಮೊದಲು ಅಳೀಬೇಕು.

ಅಳೆಯೋದನ್ನೇ ನಾವು ಕಲಿತಿಲ್ಲ ಅನ್ನೋದು ನನ್ನ ತಕರಾರು. ಪ್ರಾಜೆಕ್ಟ್ ಎಕ್ಸಿಬಿಷನ್‌ನಲ್ಲಿ ಗಾಳಿಯಂತ್ರದ ಮಾಡೆಲ್ ನೋಡಿರ್ತೀರಿ. ಎದುರಿಗೆ ಟೇಬಲ್ ಫ್ಯಾನ್ ಇಟ್ಟು ತಿರುಗಿಸ್ತಾರೆ, ಎಲ್‌ಇಡಿ ಹತ್ತುತ್ತೆ, ಎಲ್ಲರೂ ಚಪ್ಪಾಳೆ ಹೊಡೀತೀವಿ. ಫ್ಯಾನ್ ಎಷ್ಟು ವ್ಯಾಟ್ ತಿಂತು ಅಂತ ಯಾರೂ ಕೇಳಲ್ಲ. ನಾನೂ ಕೇಳಿಲ್ಲ. ಆಮೇಲೆ ಊರಿಗೆ ಹೋಗಿ ಅದೇ ಧೈರ್ಯದಲ್ಲಿ ಪಕ್ಕದ ಮನೆಯವರಿಗೆ ಸಲಹೆ ಕೊಡ್ತೀವಿ. ಅವರು ನಮ್ಮ ಮಾರ್ಕ್ಸ್ ಕಾರ್ಡ್ ನೋಡಲ್ಲ, "ಇಂಜಿನಿಯರ್ ಹುಡುಗ ಹೇಳ್ದ" ಅಂತ ನಂಬ್ತಾರೆ.

ಮೂರು ಬಟ್ಟಲಿನ ಗಾಳಿಮಾಪಕ ಮಾಡೋಕೆ ಒಂದು ರೀಡ್ ಸ್ವಿಚ್, ಒಂದು ಆರ್ಡ್ಯುನೋ ಸಾಕು. ಹಾಸ್ಟೆಲ್ ತಾರಸಿ ಮೇಲೆ ಅದನ್ನಿಟ್ಟು ಪೂರ್ತಿ ಒಂದು ವರ್ಷ ಅಳೆಯೋಣ ಅಂತಿದ್ದೀನಿ. ಎಲ್‌ಇಡಿ ಹತ್ತಲ್ಲ, ಚಪ್ಪಾಳೆನೂ ಬೀಳಲ್ಲ. ಆದರೆ ಮುಂದಿನ ಸಲ ಯಾರಾದ್ರೂ ಕೇಳಿದಾಗ ಅಳೆದು ನೋಡಿ ಉತ್ತರ ಹೇಳಬಹುದು. ಕೈ ಜೋಡಿಸೋಕೆ ಯಾರು ಬರ್ತೀರಿ?