ಹಾರೋದೆಲ್ಲಾ ಹದ್ದಲ್ಲ!

ಆಕಾಶದಲ್ಲಿ ರೆಕ್ಕೆ ಬಿಚ್ಚಿ ತೇಲೋದೆಲ್ಲಾ ಜನರ ಬಾಯಲ್ಲಿ ‘ಹದ್ದು’. ಕೋಳಿಮರಿ ಕಾಣೆಯಾದರೆ ಕಳ್ಳನೂ ಅದೇ. ವಿಚಾರಣೆಯೇ ಇಲ್ಲ!

ಈ ಚಳಿಗಾಲ ರಾಣೆಬೆನ್ನೂರು, ಕೊಪ್ಪಳದ ಕಡೆ ಹೋಗುವವರು ಬಸ್ಸಿನ ಕಿಟಕಿಯಿಂದ ಕೊಂಚ ಗಮನಿಸಲಿ. ಮಾಂಸದಂಗಡಿಯ ಮೇಲೆ ಸುತ್ತುವ, ಬಾಲ ಕವಲೊಡೆದದ್ದು ಹದ್ದು. ಕೆಂಗಂದು ಮೈ, ಬಿಳಿ ತಲೆಯದ್ದು ಗರುಡ. ಇವೆರಡೂ ಊರಿನ ಕಾಯಂ ಗಿರಾಕಿಗಳು. ಹುಲ್ಲಿನ ಮೇಲೆ ಆಳೆತ್ತರದಲ್ಲೇ, ರೆಕ್ಕೆಗಳನ್ನು ‘ವಿ’ ಅಕ್ಷರದಂತೆ ಎತ್ತಿ, ಓಲಾಡುತ್ತ ಸಾಗುವುದು ಸೆಳೆವ. ಬಯಲಲ್ಲಿ ಹೆಚ್ಚಾಗಿ ಕಾಣುವ ಜಾತಿಗಳಲ್ಲಿ ಗಂಡು ಬೂದು. ಹೆಣ್ಣು ಕಂದು, ಬಾಲದ ಬುಡದಲ್ಲಿ ಬಿಳಿ ಪಟ್ಟೆ. ಮಧ್ಯ ಏಷ್ಯಾದಿಂದ ಬಂದು, ಬೇಸಿಗೆ ಏರುವಷ್ಟರಲ್ಲಿ ಹಿಂತಿರುಗುವ ಅತಿಥಿ.

ಇದರ ಊಟ ಮಿಡತೆ, ಇಲಿ, ಓತಿ, ಸಣ್ಣ ಹಕ್ಕಿ. ಅರ್ಧ ಕಿಲೋನೂ ತೂಗದ ಹಕ್ಕಿ ಕೋಳಿ ಹೊತ್ತೊಯ್ಯುವುದೆಲ್ಲಿ ಬಂತು?

ರಾತ್ರಿ ಇವು ಗುಂಪಾಗಿ ಮಲಗೋದು ಮರದ ಮೇಲಲ್ಲ, ಹುಲ್ಲಿನ ನಡುವೆ, ನೆಲದ ಮೇಲೆ. ಆ ಹುಲ್ಲುಗಾವಲಿಗೆ ಕಡತದಲ್ಲಿ ‘ಬಂಜರು’ ಎಂಬ ಹೆಸರು! ಬಂಜರೆಂದು ನೀಲಗಿರಿ ನೆಟ್ಟದ್ದಾಯಿತು, ಈಗ ನಿವೇಶನದ ಕಲ್ಲು. ಕೂಲಿ ಕೇಳದೆ ಮಿಡತೆ ಹಿಡಿಯುವ ಆಳು ಇನ್ನೆಲ್ಲಿ ಇಳಿಯಬೇಕು? ಮೊದಲು ಹಕ್ಕಿಯ ಹೆಸರು ತಿಳಿಯಲಿ. ಆಮೇಲೆ ಆ ನೆಲದ ಹೆಸರನ್ನೂ ಕಡತದಲ್ಲಿ ತಿದ್ದಲಿ.