ಬಾವಿಗಿಳಿಯುವವರ ಆರೋಗ್ಯದ ಲೆಕ್ಕ

ಕಳೆದ ಬೇಸಿಗೆಯ ಒಂದು ಬೆಳಿಗ್ಗೆ ಇನ್ನಂಜೆಯಲ್ಲಿ ನಮ್ಮ ನೆರೆಮನೆಯ ಬಾವಿಗೆ ಕರುವೊಂದು ಬಿತ್ತು. ಕರಾವಳಿಯವರಿಗೆ ಇದು ಹೊಸ ಸಂಗತಿಯಲ್ಲ. ಕೆಂಪುಕಲ್ಲಿನ ನೆಲವನ್ನು ಆಳವಾಗಿ ತೋಡಿದ ತೆರೆದ ಬಾವಿ, ಸವೆದು ತಗ್ಗಾದ ಕಟ್ಟೆ, ಅದರಂಚಿನಲ್ಲಿ ಒಂದಿಷ್ಟು ಹಸಿರು. ಫೋನ್ ಮಾಡಿದ ಸ್ವಲ್ಪ ಹೊತ್ತಿನಲ್ಲೇ ಅಗ್ನಿಶಾಮಕ ವಾಹನ ಬಂತು. ಸಿಬ್ಬಂದಿಯಲ್ಲಿ ಹಿರಿಯರಾಗಿದ್ದವರೊಬ್ಬರು ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಕೆಳಗಿಳಿದರು, ಕರುವಿನ ಹೊಟ್ಟೆಗೆ ಪಟ್ಟಿ ಕಟ್ಟಿ ಮೇಲಕ್ಕೆ ಕಳಿಸಿದರು. ಕರು ಬದುಕಿತು. ಅದರ ಹಿಂದೆಯೇ ಹಗ್ಗ ಹಿಡಿದು ಮೇಲೆ ಬಂದ ಆ ಮನುಷ್ಯ ಮಾತ್ರ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಳಿತು, ಎದೆಯ ಮೇಲೆ ಕೈಯಿಟ್ಟು, ಬಹಳ ಹೊತ್ತು ಏದುಸಿರು ಬಿಡುತ್ತಿದ್ದರು.

ನೀರು ಕೊಟ್ಟು ವಿಚಾರಿಸಿದೆ. ವಯಸ್ಸು ಐವತ್ತರ ಹತ್ತಿರ. ರಾತ್ರಿ ಪಾಳಿ ಮುಗಿಯುವ ಹೊತ್ತಿಗೆ ಕರೆ ಬಂದಿತ್ತು. ರಾತ್ರಿಯ ಊಟ ಎರಡು ಪರೋಟ, ಆಮೇಲೆ ಸಕ್ಕರೆ ಹಾಕಿದ ನಾಲ್ಕು ಚಹಾ. ‘ಶುಗರ್ ಇದೆ ಸರ್. ಮೇಲಿನವರಿಗೆ ಹೇಳಿಲ್ಲ. ಹೇಳಿದರೆ ಫೋನಿನ ಹತ್ತಿರ ಕೂರಿಸುತ್ತಾರೆ’ ಎಂದರು. ಕಿರಿಯರು ಇಳಿಯಬಹುದಿತ್ತಲ್ಲ ಎಂದು ಕೇಳಿದೆ. ‘ಹುಡುಗರಿಗೆ ಬಾವಿಯ ಅಭ್ಯಾಸ ಇನ್ನೂ ಆಗಿಲ್ಲ’ ಎಂಬುದು ಅವರ ಉತ್ತರ.

ಅವರು ಯಾರು, ಯಾವ ಠಾಣೆಯವರು ಎಂಬುದು ಇಲ್ಲಿ ಮುಖ್ಯವಲ್ಲ. ಅರ್ಥಶಾಸ್ತ್ರ ಓದಿ, ಬದುಕಿನ ಬಹುಪಾಲನ್ನು ಸರ್ಕಾರಿ ಕಡತಗಳ ನಡುವೆ ಕಳೆದ ನನಗೆ ಅವರ ಮಾತಿನಲ್ಲಿ ಎರಡು ಸಮಸ್ಯೆಗಳು ಕಂಡವು. ಮೊದಲನೆಯದು, ತುರ್ತು ಸೇವೆಯಲ್ಲಿ ಅನುಭವ ವರ್ಷದಿಂದ ವರ್ಷಕ್ಕೆ ಬೆಳೆಯುತ್ತದೆ, ಅದನ್ನು ಹೊತ್ತ ದೇಹ ವರ್ಷದಿಂದ ವರ್ಷಕ್ಕೆ ಸವೆಯುತ್ತದೆ. ಎರಡನೆಯದು, ಸವೆತವನ್ನು ಬಚ್ಚಿಡುವುದೇ ನೌಕರನಿಗೆ ಲಾಭ ಎನ್ನುವಂತಹ ವಾತಾವರಣವನ್ನು ನಾವು ನಿರ್ಮಿಸಿದ್ದೇವೆ.

ಎಂಟು ವರ್ಷ ದಾಟಿದ ಬಸ್ಸು ಅಥವಾ ಲಾರಿ ಪ್ರತಿವರ್ಷ ಸಾರಿಗೆ ಕಚೇರಿಯ ಮುಂದೆ ನಿಂತು ‘ಎಫ್‌ಸಿ’ ಪಡೆಯಬೇಕು. ಮೇಜಿನ ಹಿಂದೆ ಕುಳಿತು ಸಹಿ ಹಾಕುವ ಐಎಎಸ್, ಐಪಿಎಸ್ ಅಧಿಕಾರಿಗಳು ನಲವತ್ತು ದಾಟಿದ ಮೇಲೆ ವರ್ಷಕ್ಕೊಮ್ಮೆ ವೈದ್ಯಕೀಯ ತಪಾಸಣೆಗೆ ಒಳಗಾಗಬೇಕು. 2007ರ ನಿಯಮಗಳ ಪ್ರಕಾರ ಅದರ ಸಾರಾಂಶ ಅವರ ಕಾರ್ಯನಿರ್ವಹಣಾ ವರದಿಯ ಭಾಗವೇ ಆಗಿದೆ. ಕೇಂದ್ರ ಮೀಸಲು ಪೊಲೀಸ್ ಪಡೆಯಂತಹ ಪಡೆಗಳಲ್ಲಿ ಮನಸ್ಥಿತಿ, ಶ್ರವಣ, ಕೈಕಾಲುಗಳು, ದೇಹಶಕ್ತಿ, ದೃಷ್ಟಿ ಎಂಬ ಐದು ಅಂಶಗಳನ್ನು ಪರೀಕ್ಷಿಸಿ ಶ್ರೇಣಿ ನೀಡುವ ‘ಶೇಪ್’ ಪದ್ಧತಿಯಿದೆ. ಅಗ್ನಿಶಾಮಕ, ಪೊಲೀಸ್, ಆಂಬುಲೆನ್ಸ್, ಗೃಹರಕ್ಷಕ ದಳಗಳ ತಳಹಂತದ ಸಿಬ್ಬಂದಿಯ ಎತ್ತರ, ಎದೆಯಳತೆ, ಓಟದ ವೇಗಗಳನ್ನು ನೇಮಕಾತಿಯ ದಿನ ನಿಷ್ಠುರವಾಗಿ ಅಳೆಯುತ್ತೇವೆ. ನಂತರದ ದಶಕಗಳಲ್ಲಿ ಆಗೊಮ್ಮೆ ಈಗೊಮ್ಮೆ ಏರ್ಪಡುವ ಆರೋಗ್ಯ ಶಿಬಿರಗಳು ಸ್ವಾಗತಾರ್ಹವೇ. ಆದರೆ ಶಿಬಿರ ಬೇರೆ, ಮಾಡುವ ಕೆಲಸಕ್ಕೆ ತಕ್ಕ ಮೌಲ್ಯಮಾಪನ ಬೇರೆ.

ಈ ಕೆಲಸದ ಸ್ವಭಾವವನ್ನು ಸ್ವಲ್ಪ ಗಮನಿಸಬೇಕು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಶಿಫಾರಸಿನಂತೆ ಕುಳಿತು ಕೆಲಸ ಮಾಡುವ ಪುರುಷನಿಗೆ ದಿನಕ್ಕೆ ಸುಮಾರು 2,110 ಕಿಲೋಕ್ಯಾಲೊರಿ ಸಾಕು. ಕಠಿಣ ದುಡಿಮೆಯವನಿಗೆ 3,470 ಬೇಕು. ಅಗ್ನಿಶಾಮಕ ಸಿಬ್ಬಂದಿ ಇವೆರಡರಲ್ಲಿ ಯಾವ ವರ್ಗಕ್ಕೆ ಸೇರುತ್ತಾರೆ? ಕರೆಗಾಗಿ ಕಾಯುವ ಹೊತ್ತಿನಲ್ಲಿ ಅವರು ಗುಮಾಸ್ತರು. ಗಂಟೆ ಬಾರಿಸಿದ ಮರುಕ್ಷಣದಿಂದ ಹಮಾಲಿಗಳಿಗಿಂತ ಹೆಚ್ಚಿನ ಶ್ರಮಜೀವಿಗಳು. ಉಸಿರಾಟದ ಉಪಕರಣ, ದಪ್ಪ ಕೋಟು, ಶಿರಸ್ತ್ರಾಣ ಸೇರಿ ಇಪ್ಪತ್ತು ಕಿಲೋಗೂ ಮಿಕ್ಕಿದ ಭಾರ ಹೊತ್ತು, ಬಿಸಿ ಮತ್ತು ಹೊಗೆಯ ನಡುವೆ ಮೆಟ್ಟಿಲು ಹತ್ತಬೇಕು. ವಿಶ್ರಾಂತಿಯಿಂದ ಒಮ್ಮೆಲೇ ಶ್ರಮದ ತುದಿಗೆ ಜಿಗಿಯುವ ಈ ಬದಲಾವಣೆಯೇ ಹೃದಯಕ್ಕೆ ಮಾರಕ.

ಅಮೆರಿಕದಲ್ಲಿ 1994ರಿಂದ 2004ರವರೆಗೆ ಕರ್ತವ್ಯದ ವೇಳೆ ಸತ್ತ ಅಗ್ನಿಶಾಮಕ ಸಿಬ್ಬಂದಿಯ ಸಾವುಗಳನ್ನು ಪರಿಶೀಲಿಸಿ 2007ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದನ್ನು ಸ್ಪಷ್ಟಪಡಿಸಿತು. 2001ರ ಸೆಪ್ಟೆಂಬರ್ 11ರ ದಾಳಿಯಲ್ಲಿ ಮಡಿದವರನ್ನು ಬಿಟ್ಟು ಲೆಕ್ಕ ಹಾಕಿದಾಗ, ಶೇ 39ರಷ್ಟು ಸಾವುಗಳಿಗೆ ಕಾರಣವಾದದ್ದು ಹೃದಯದ ರಕ್ತನಾಳಗಳ ಕಾಯಿಲೆ. ಬೆಂಕಿ ನಂದಿಸುವುದಕ್ಕೆ ಅವರು ವ್ಯಯಿಸುವ ಸಮಯ ಒಟ್ಟು ಕರ್ತವ್ಯದ ಶೇ 1ರಿಂದ 5ರಷ್ಟು ಮಾತ್ರ. ಆದರೆ ಹೃದ್ರೋಗದ ಸಾವುಗಳಲ್ಲಿ ಶೇ 32ರಷ್ಟು ಸಂಭವಿಸಿದ್ದು ಆ ಸಮಯದಲ್ಲೇ. ಮಧುಮೇಹ ಮನೆಮನೆಯ ಕಾಯಿಲೆಯಾಗಿರುವ ನಮ್ಮ ದೇಶದಲ್ಲಿ ಪರಿಸ್ಥಿತಿ ಇದಕ್ಕಿಂತ ಹಗುರವಾಗಿದೆ ಎಂದು ನಂಬಲು ಕಾರಣವಿಲ್ಲ.

ಹಾಗಾದರೆ ಎಲ್ಲರನ್ನೂ ತಕ್ಕಡಿಗೆ ಹತ್ತಿಸಿ, ತೂಕ ಮೀರಿದವರನ್ನು ಶಿಕ್ಷಿಸಿದರಾಯಿತೇ? ನಮ್ಮ ಆಡಳಿತಕ್ಕೆ ಮೊದಲು ಹೊಳೆಯುವ ದಾರಿಯೇ ಇದು. 2018ರಲ್ಲಿ ಕರ್ನಾಟಕ ರಾಜ್ಯ ಮೀಸಲು ಪೊಲೀಸ್ ಪಡೆಯಲ್ಲಿ ಹೊಟ್ಟೆ ಕರಗಿಸದಿದ್ದರೆ ಕ್ರಮ ಎಂಬ ಎಚ್ಚರಿಕೆ ಹೊರಟಿತ್ತು. 2023ರಲ್ಲಿ ಅಸ್ಸಾಂ ಪೊಲೀಸ್ ಇಲಾಖೆ ಬಿಎಂಐ 30 ಮೀರಿದವರಿಗೆ ಕಾಲಾವಕಾಶ ಕೊಟ್ಟು, ಆಗಲೂ ಇಳಿಯದಿದ್ದರೆ ಸ್ವಯಂನಿವೃತ್ತಿಯ ದಾರಿ ತೋರಿಸುವುದಾಗಿ ಹೇಳಿತು. ಉದ್ದೇಶವನ್ನು ಅನುಮಾನಿಸಬೇಕಿಲ್ಲ, ಅಳತೆಗೋಲನ್ನು ಪ್ರಶ್ನಿಸಬೇಕು. ಎತ್ತರ ಮತ್ತು ತೂಕವನ್ನಷ್ಟೇ ನೋಡುವ ಬಿಎಂಐಗೆ ಮಾಂಸಖಂಡ ಯಾವುದು, ಕೊಬ್ಬು ಯಾವುದು ಎಂಬುದು ತಿಳಿಯದು. ಗಟ್ಟಿ ಮೈಕಟ್ಟಿನ ಕಂಬಳದ ಓಟಗಾರ ಅದರ ಕಣ್ಣಿಗೆ ದಢೂತಿಯಾಗಬಹುದು. ಕೈಕಾಲು ಸಣ್ಣದಿದ್ದು ಹೊಟ್ಟೆಯಲ್ಲಿ ಕೊಬ್ಬು ತುಂಬಿಕೊಂಡ ಮಧುಮೇಹಿ ಆರೋಗ್ಯವಂತನಾಗಿ ಕಾಣಬಹುದು. ಭಾರತೀಯರ ಮಟ್ಟಿಗೆ ಸೊಂಟದ ಸುತ್ತಳತೆ, ರಕ್ತದೊತ್ತಡ, ರಕ್ತದ ಸಕ್ಕರೆ ಇವು ತಕ್ಕಡಿಗಿಂತ ಹೆಚ್ಚು ನಿಜ ಹೇಳುತ್ತವೆ.

ಇದಕ್ಕಿಂತ ದೊಡ್ಡ ತೊಡಕು ಅಂಜಿಕೆಯದು. ಫಲಿತಾಂಶ ನೌಕರಿಗೆ ಕುತ್ತು ತರುವುದಾದರೆ, ಜನ ಆರೋಗ್ಯವನ್ನು ಸುಧಾರಿಸುವುದಿಲ್ಲ, ಫಲಿತಾಂಶವನ್ನು ಸುಧಾರಿಸುತ್ತಾರೆ. ತಪಾಸಣೆಯ ಹಿಂದಿನ ಎರಡು ದಿನ ಉಪವಾಸ, ಪರಿಚಯದ ವೈದ್ಯರ ಪ್ರಮಾಣಪತ್ರ, ಮಾತ್ರೆಯನ್ನು ಜೇಬಿನಲ್ಲಿ ಬಚ್ಚಿಡುವುದು ಇವೆಲ್ಲ ನಮಗೆ ಅಪರಿಚಿತವೇನಲ್ಲ. ಗುತ್ತಿಗೆಯ ಮೇಲೆ ದುಡಿಯುವ ಆಂಬುಲೆನ್ಸ್ ಸಿಬ್ಬಂದಿಗೆ, ಕರ್ತವ್ಯಕ್ಕೆ ಬಂದ ದಿನಕ್ಕಷ್ಟೇ ಭತ್ಯೆ ಪಡೆಯುವ ಗೃಹರಕ್ಷಕರಿಗೆ ಈ ಭಯ ಇನ್ನೂ ಹೆಚ್ಚು. ಅವರಿಗೆ ‘ಅನರ್ಹ’ ಎಂಬ ಪದದ ಅರ್ಥ ಅನ್ನ ಹೋಯಿತು ಎಂದೇ. ಸಿಬ್ಬಂದಿಯ ಸಂಘಟನೆಗಳು ಇಂತಹ ಪರೀಕ್ಷೆಗಳನ್ನು ಕಿರುಕುಳದ ಹೊಸ ಅಸ್ತ್ರವೆಂದು ಶಂಕಿಸಿದರೆ ಅದರಲ್ಲಿ ತಪ್ಪು ಹುಡುಕಲಾರೆ.

ಆದ್ದರಿಂದ ಮೌಲ್ಯಮಾಪನದ ಉದ್ದೇಶ ನೌಕರನನ್ನು ತೆಗೆಯುವುದಲ್ಲ, ಉಳಿಸಿಕೊಳ್ಳುವುದು ಎಂಬುದು ಮೊದಲ ಸಾಲಿನಲ್ಲೇ ಬರೆದಿರಬೇಕು. ಪರೀಕ್ಷೆ ಕೆಲಸವನ್ನೇ ಹೋಲಬೇಕು: ಹಗ್ಗದಲ್ಲಿ ಇಳಿದು ಏರುವುದು, ತುಂಬಿದ ಹೋಸ್‌ಪೈಪು ಎಳೆಯುವುದು, ಸ್ಟ್ರೆಚರಿನಲ್ಲಿ ರೋಗಿಯನ್ನು ಎರಡು ಮಹಡಿ ಇಳಿಸುವುದು. ಅದಕ್ಕೆ ಮೊದಲು ವೈದ್ಯರು ಹೃದಯವನ್ನು ಪರೀಕ್ಷಿಸಿರಬೇಕು. ತೇರ್ಗಡೆಯಾಗದವರಿಗೆ ಸಂಬಳ, ಭತ್ಯೆ, ಬಡ್ತಿಗಳಿಗೆ ಧಕ್ಕೆಯಿಲ್ಲದ ಆರು ತಿಂಗಳ ಚಿಕಿತ್ಸೆ ಮತ್ತು ವ್ಯಾಯಾಮದ ಅವಧಿ ಸಿಗಬೇಕು. ಆಗಲೂ ಬಾವಿಗಿಳಿಯಲಾಗದ ಹಿರಿಯರನ್ನು ಫೋನಿನ ಬಳಿ ಕೂರಿಸದೆ, ಕಿರಿಯರಿಗೆ ಬಾವಿಯ ಅಭ್ಯಾಸ ಕಲಿಸುವ ತರಬೇತುದಾರರನ್ನಾಗಿ ಬಳಸಿಕೊಂಡರೆ ಅನುಭವವೂ ಉಳಿಯುತ್ತದೆ, ಮಾನವೂ ಉಳಿಯುತ್ತದೆ.

ಆಹಾರದ ಪ್ರಶ್ನೆಯೂ ಇಷ್ಟೇ ಮುಖ್ಯ. ರಾತ್ರಿ ಎರಡು ಗಂಟೆಗೆ ಪರೋಟ ಬಿಟ್ಟು ಬೇರೇನೂ ಸಿಗದ ಊರಿನಲ್ಲಿ ನೌಕರನಿಗೆ ಮಿತಾಹಾರದ ಉಪದೇಶ ಮಾಡುವುದು ವ್ಯರ್ಥ. ಕುಚ್ಚಲಕ್ಕಿ ಗಂಜಿ, ಹುರುಳಿ ಸಾರು, ಸೊಪ್ಪಿನ ಪಲ್ಯ, ತಿನ್ನುವವರಿಗೆ ಬೂತಾಯಿ ಅಥವಾ ಬಂಗುಡೆ. ನಮ್ಮ ಕರಾವಳಿಯ ಈ ಸಾದಾ ಊಟವನ್ನು ಹದವರಿತು ಬಡಿಸುವ ಒಂದು ಅಡುಗೆಮನೆ ಪ್ರತಿ ಠಾಣೆಯಲ್ಲಿದ್ದರೆ, ಪೌಷ್ಟಿಕತೆಯ ಅರ್ಧ ಕೆಲಸ ಮುಗಿದಂತೆ. ಉಳಿದರ್ಧ ಪಾಳಿಗಳ ವೇಳಾಪಟ್ಟಿಯಲ್ಲಿದೆ. ನಿದ್ದೆಗೆಟ್ಟ ದೇಹಕ್ಕೆ ಯಾವ ಆಹಾರ ತಜ್ಞರೂ ಪರಿಹಾರ ಕೊಡಲಾರರು.

ಹಣ ಎಲ್ಲಿಂದ ಎಂದು ಆರ್ಥಿಕ ಇಲಾಖೆ ಕೇಳುವುದು ಸಹಜ. ಆ ಪ್ರಶ್ನೆಯನ್ನು ನಾನೂ ಹಲವು ಸಲ ಕಡತಗಳ ಅಂಚಿನಲ್ಲಿ ಬರೆದವನೇ. ಅಗ್ನಿಶಾಮಕ ಸೇವೆಗಳ ವಿಸ್ತರಣೆ ಮತ್ತು ಆಧುನೀಕರಣಕ್ಕೆಂದು 2023ರಲ್ಲಿ ಕೇಂದ್ರ ಸರ್ಕಾರ ₹5,000 ಕೋಟಿಯ ಯೋಜನೆ ಪ್ರಕಟಿಸಿತು. ಹೊಸ ಠಾಣೆ, ಹೊಸ ವಾಹನ, ಹೊಸ ಏಣಿ ಎಲ್ಲವೂ ಬೇಕು. ಆದರೆ ಯಂತ್ರ ಕೊಳ್ಳುವುದು ಆಸ್ತಿ, ಮನುಷ್ಯನನ್ನು ಕಾಪಾಡುವುದು ಖರ್ಚು ಎಂದು ಭಾವಿಸುವ ನಮ್ಮ ಲೆಕ್ಕಪದ್ಧತಿ ಬದಲಾಗಬೇಕು. ಇಪ್ಪತ್ತು ವರ್ಷ ಸಂಬಳ ಕೊಟ್ಟು ಪಳಗಿಸಿದ ಒಬ್ಬ ಸಿಬ್ಬಂದಿಯನ್ನು ಹೃದಯಾಘಾತಕ್ಕೆ ಒಪ್ಪಿಸುವುದಕ್ಕಿಂತ ದುಬಾರಿಯಾದ ಉಳಿತಾಯ ಇನ್ನೊಂದಿಲ್ಲ.

ಪ್ರಯೋಗಕ್ಕೆ ಉಡುಪಿಗಿಂತ ಯೋಗ್ಯ ಜಿಲ್ಲೆ ಸಿಗಲಾರದು. ಮಣಿಪಾಲದಲ್ಲಿ 1953ರಿಂದ ವೈದ್ಯಕೀಯ ಕಾಲೇಜಿದೆ. ಅಜ್ಜರಕಾಡಿನಲ್ಲಿ ಜಿಲ್ಲಾ ಆಸ್ಪತ್ರೆಯೂ ಇದೆ, ಕ್ರೀಡಾಂಗಣವೂ ಇದೆ. ಅಗತ್ಯವೂ ಕಡಿಮೆಯಿಲ್ಲ. ಇನ್ನಂಜೆಯ ನೆರೆಯ ಪಾದೂರಿನ ನೆಲದಡಿ 25 ಲಕ್ಷ ಟನ್ ಕಚ್ಚಾತೈಲ ಹಿಡಿಸುವ ಗುಹೆಗಳಿವೆ, ಎಲ್ಲೂರಿನಲ್ಲಿ 1,200 ಮೆಗಾವಾಟ್‌ನ ಉಷ್ಣವಿದ್ಯುತ್ ಸ್ಥಾವರವಿದೆ, ಊರಿನಲ್ಲೇ ಕೊಂಕಣ ರೈಲಿನ ನಿಲ್ದಾಣವಿದೆ. ಸ್ಥಾವರಗಳಿಗೆ ತಮ್ಮದೇ ರಕ್ಷಣಾ ವ್ಯವಸ್ಥೆ ಇರಬಹುದು. ಸುತ್ತಲಿನ ಮನೆಗಳಿಗೆ ಮಾತ್ರ ಸರ್ಕಾರಿ ಸಿಬ್ಬಂದಿಯೇ ಗತಿ. 2020ರ ಸೆಪ್ಟೆಂಬರಿನ ನೆರೆಯಲ್ಲಿ ಉಡುಪಿ ಅದನ್ನು ಕಣ್ಣಾರೆ ಕಂಡಿದೆ.

1944ರ ಏಪ್ರಿಲ್ 14ರಂದು ಮುಂಬೈ ಬಂದರಿನ ಸ್ಫೋಟದಲ್ಲಿ ಮಡಿದ 66 ಅಗ್ನಿಶಾಮಕ ಯೋಧರ ನೆನಪಿಗೆ ಪ್ರತಿವರ್ಷ ಆ ದಿನ ಪುಷ್ಪಗುಚ್ಛ ಇಡುತ್ತೇವೆ. ಮಡಿದವರಿಗೆ ಸಲ್ಲುವ ಗೌರವದ ಜೊತೆಗೆ ಬದುಕಿರುವವರ ರಕ್ತದೊತ್ತಡ ನೋಡುವ ಕೆಲಸವೂ ಆ ದಿನದಿಂದಲೇ ಆರಂಭವಾಗಲಿ. ಅಂದು ಒಗೆಯುವ ಕಲ್ಲಿನ ಮೇಲೆ ಕುಳಿತಿದ್ದ ಆ ಮನುಷ್ಯ ‘ಶುಗರ್ ಇದೆ’ ಎಂಬ ಎರಡು ಪದಗಳನ್ನು ಹೇಳಿದ್ದು ಅಪರಿಚಿತನಾದ ನನಗೆ. ಅದೇ ಮಾತನ್ನು ಅವರು ಅಂಜಿಕೆಯಿಲ್ಲದೆ ತಮ್ಮ ಅಧಿಕಾರಿಗೆ ಹೇಳುವಂತಾಗಬೇಕು.