ಗಾಡಿಯ ಡ್ರಾ ಮರದ್ದೇ ಇರಲಿ, ಅದನ್ನ ನಾವೇ ಮಾಡೋಣ

ಸುತ್ತಿ ಬಳಸದೆ ಹೇಳ್ತೀನಿ. ಮಣ್ಣುದಾರಿ, ಕಲ್ಲುದಾರಿ ಅಂತ ಸುತ್ತೋ ಗಾಡಿಯ ಡಿಕ್ಕಿಗೆ ಸಾಮಾನಿನ ಡ್ರಾ ಬೇಕು ಅನ್ನೋರು ರೆಡಿಮೇಡ್ ಉಕ್ಕಿನ ಪೆಟ್ಟಿಗೆ ಕೊಳ್ಳಬಾರದು, ಪ್ಲೈವುಡ್ಡಿನಲ್ಲಿ ತಾವೇ ಮಾಡ್ಕೋಬೇಕು. ದುಡ್ಡು ಉಳಿಯುತ್ತೆ ಅನ್ನೋದು ಇದಕ್ಕೆ ಚಿಕ್ಕ ಕಾರಣ. ದೊಡ್ಡ ಕಾರಣಗಳು ಎರಡು. ಒಂದು, ಲೆಕ್ಕ ಹಾಕಿ ನೋಡಿದರೆ ಈ ಕೆಲಸಕ್ಕೆ ಮರವೇ ಗೆಲ್ಲುತ್ತೆ. ಎರಡು, ನಾಲ್ಕು ವರ್ಷ ಓದಿದ್ದನ್ನೆಲ್ಲ ಒಂದೇ ಪೆಟ್ಟಿಗೆಯಲ್ಲಿ ಪರೀಕ್ಷೆಗೆ ಹಚ್ಚೋ ಇಷ್ಟು ಒಳ್ಳೆ ಪ್ರಾಜೆಕ್ಟ್ ನಮಗೆ ಸುಲಭವಾಗಿ ಸಿಗಲ್ಲ.

ಈ ಡ್ರಾಗಳ ರೂಢಿ ಜೋರಾಗಿರೋದು ಆಸ್ಟ್ರೇಲಿಯಾದಲ್ಲಿ. ಅಲ್ಲಿನ ಕಿಂಬರ್ಲಿ ಸೀಮೆಯ ಗಿಬ್ ರಿವರ್ ರಸ್ತೆ ಸುಮಾರು 660 ಕಿ.ಮೀ., ಬಹುಪಾಲು ಡಾಂಬರೇ ಇಲ್ಲ. ಹಾಸಿದ ಸುಕ್ಕು ತಗಡಿನ ಮೇಲೆ ಓಡಿಸಿದ ಹಾಗೆ ಗಂಟೆಗಟ್ಟಲೆ ಕುಲುಕಾಟ. ಅಂಥ ದಾರಿಯಲ್ಲಿ ಡಿಕ್ಕಿಗೆ ಸುಮ್ಮನೆ ತುಂಬಿದ ಸಾಮಾನು ಸಂಜೆ ಹೊತ್ತಿಗೆ ಚಿತ್ರಾನ್ನ ಆಗಿರುತ್ತೆ. ಪಾನಾ ಬೇಕು ಅಂದ್ರೆ ಹಾಸಿಗೆ, ಪಾತ್ರೆ, ನೀರಿನ ಕ್ಯಾನು ಎಲ್ಲ ಇಳಿಸಬೇಕು. ಡ್ರಾ ಇದ್ದರೆ ಎಳೆದರೆ ಮುಗೀತು. ಅಲ್ಲೂ ರೆಡಿಮೇಡ್ ಮಾರೋರು ಇದ್ದಾರೆ. ಅದರ ಪಕ್ಕದಲ್ಲೇ ಮನೆಯ ಶೆಡ್ಡಿನಲ್ಲಿ ಪ್ಲೈ ಕೊಯ್ದು ಮಾಡ್ಕೊಳ್ಳೋರೂ ಇದ್ದಾರೆ. ನಾನು ಈ ಎರಡನೇ ಗುಂಪಿನ ಪರ.

ಮೊದಲು ತೂಕದ ವಿಷಯ. "ಉಕ್ಕು ಗಟ್ಟಿ, ಮರ ಮೆದು" ಅನ್ನೋದು ಕ್ಯಾಂಟೀನ್ ಮಾತು. ಚಪ್ಪಟೆ ಹಲಗೆ ಬಾಗದೆ ಇರೋದು ವಸ್ತುವಿನ ಮೇಲಷ್ಟೇ ನಿಂತಿಲ್ಲ, ದಪ್ಪದ ಘನದ ಮೇಲೂ ನಿಂತಿದೆ. ಉಕ್ಕಿನ ಯಂಗ್ಸ್ ಮಾಡ್ಯುಲಸ್ 200 ಗಿಗಾಪಾಸ್ಕಲ್, ಸಾಂದ್ರತೆ 7,850. ಪ್ಲೈವುಡ್ಡಿಗೆ ಅಂದಾಜು 8 ಗಿಗಾಪಾಸ್ಕಲ್, ಸಾಂದ್ರತೆ 650 ಅಂತ ಇಟ್ಟುಕೊಳ್ಳಿ. 12 ಎಂ.ಎಂ. ಪ್ಲೈನಷ್ಟೇ ಬಿಗಿ ಬರೋಕೆ ಚಪ್ಪಟೆ ಉಕ್ಕಿನ ತಗಡು ಸುಮಾರು 4 ಎಂ.ಎಂ. ದಪ್ಪ ಇರಬೇಕು. ಚದರ ಮೀಟರಿಗೆ ಪ್ಲೈ 8 ಕೆ.ಜಿ. ಆದರೆ ಉಕ್ಕು ಸುಮಾರು 32 ಕೆ.ಜಿ.! ಅಲ್ಯೂಮಿನಿಯಂ ತಗೊಂಡರೂ ಮರದ ಎರಡರಷ್ಟು. ತಗಡನ್ನ ಮಡಚಿ ಏಣು ಕೊಟ್ಟರೆ ಈ ಅಂತರ ಕಮ್ಮಿಯಾಗುತ್ತೆ, ರೆಡಿಮೇಡ್ ಮಾಡೋರು ಹಾಗೇ ಮಾಡ್ತಾರೆ, ಒಪ್ಪಿದೆ. ಆದರೆ ಮಡಚೋ ಮಷೀನು ನಮ್ಮ ಕೈಯಲ್ಲಿಲ್ಲ, ಗರಗಸ ಇದೆ. ಮರ ಅಂದ್ರೆ ಹಿಂದುಳಿದ ತಂತ್ರಜ್ಞಾನ ಅನ್ನೋರಿಗೆ ಒಂದು ನೆನಪು: ಎರಡನೇ ಮಹಾಯುದ್ಧದ ಬ್ರಿಟಿಷ್ ವಿಮಾನ ಡಿ ಹ್ಯಾವಿಲೆಂಡ್ ಮಸ್ಕಿಟೋದ ಒಡಲು ಬಾಲ್ಸಾ ಮರವನ್ನ ಬರ್ಚ್ ಪ್ಲೈ ಹಾಳೆಗಳ ನಡುವೆ ಅಂಟಿಸಿ ಮಾಡಿದ್ದು. 1940ರ ನವೆಂಬರಿನಲ್ಲಿ ಅದು ಮೊದಲ ಸಲ ಹಾರಿತು. ಅದರ ಭಾಗಗಳನ್ನ ಮಾಡಿದವರಲ್ಲಿ ಪೀಠೋಪಕರಣದ ಕಾರ್ಖಾನೆಗಳೂ ಇದ್ದವು.

ತೂಕಕ್ಕೆ ಇಷ್ಟೇಕೆ ತಲೆ ಕೆಡಿಸ್ಕೋಬೇಕು? ಐದು ಬಾಗಿಲಿನ ಜಿಮ್ನಿಯನ್ನೇ ತಗೊಳ್ಳಿ. ಖಾಲಿ ತೂಕ ಸುಮಾರು 1,200 ಕೆ.ಜಿ., ತುಂಬಿದ ಗಾಡಿಯ ಒಟ್ಟು ಮಿತಿ 1,545. ಮಧ್ಯೆ ಸಿಗೋದು 345 ಕೆ.ಜಿ. ತಲಾ 70ರಂತೆ ನಾಲ್ಕು ಜನ ಕೂತರೆ 280 ಹೋಯ್ತು. ಉಳಿದ 65 ಕೆ.ಜಿ.ಯಲ್ಲೇ ಡೇರೆ, ನೀರು, ಅಡುಗೆ ಸಾಮಾನು, ಬ್ಯಾಗು, ಡ್ರಾ ಎಲ್ಲ ಬರಬೇಕು. ಈ ಲೆಕ್ಕ ಹಾಕದೆ ಪೆಟ್ಟಿಗೆ ಕೂರಿಸಿದರೆ ಬ್ರೇಕು, ಸಸ್ಪೆನ್ಷನ್ನು, ಟೈರು ಮೂರೂ ಬೈಯುತ್ತವೆ. ಘಾಟಿ ಇಳಿಯುವಾಗ ಅವುಗಳ ಬೈಗುಳ ಕೇಳೋದು ಒಳ್ಳೇದಲ್ಲ.

ಇಲ್ಲೇ ಮರದವರ ಕಡೆಯಿಂದಲೂ ಒಂದು ತಪ್ಪು ಆಗ್ತಿದೆ. ಅಂಗಡಿಯಲ್ಲಿ "ಗಟ್ಟಿ ಇರಲಿ ಸಾರ್, 18 ತಗೊಳ್ಳಿ" ಅಂತಾರೆ, ಇವರು ತಗೋತಾರೆ. 1,000 ಎಂ.ಎಂ. ಅಗಲ, 900 ಉದ್ದ, 300 ಎತ್ತರದ ಎರಡು ಡ್ರಾಗಳ ಪೆಟ್ಟಿಗೆಗೆ ಒಟ್ಟು ಸುಮಾರು 4.6 ಚದರ ಮೀಟರ್ ಪ್ಲೈ ಬೇಕಾಗುತ್ತೆ. 12 ಎಂ.ಎಂ.ನಲ್ಲಿ ಅದು 36 ಕೆ.ಜಿ., 18ರಲ್ಲಿ 54. ಹದಿನೆಂಟು ಕಿಲೋ ಜಾಸ್ತಿ, ಅಂದ್ರೆ ಹದಿನೆಂಟು ಲೀಟರ್ ಕುಡಿಯೋ ನೀರು. 18 ಎಂ.ಎಂ. ಹಲಗೆ 12ಕ್ಕಿಂತ ಮೂರು ಪಟ್ಟಿಗೂ ಹೆಚ್ಚು ಬಿಗಿ, ಅದು ನಿಜ. ಆದರೆ 12ರ ಮೇಲ್ಹಲಗೆಯ ಅಡಿಗೆ ಎರಡಿಂಚಿನ ಪಟ್ಟಿಯನ್ನ ಅಂಚಿನ ಮೇಲೆ ನಿಲ್ಲಿಸಿ ಅಂಟಿಸಿದರೆ ಆ ಬಿಗಿ ಸ್ವಲ್ಪ ತೂಕದಲ್ಲೇ ಬರುತ್ತೆ. ಮೊಮೆಂಟ್ ಆಫ್ ಇನರ್ಷಿಯಾ ಅಂತ ಪರೀಕ್ಷೆಯಲ್ಲಿ ಬರೆದು ಹತ್ತು ಅಂಕ ತಗೊಂಡವರು ನಾವೇ ಅಲ್ವಾ? ಡ್ರಾದ ತಳಕ್ಕೆ 9 ಎಂ.ಎಂ. ಸಾಕು. ಪೆಟ್ಟಿಗೆಯ ಬುಡಕ್ಕೆ ಪೂರ್ತಿ ಹಲಗೆ ಬೇಕೇ ಬೇಕು ಅಂತಿಲ್ಲ, ಅಡ್ಡಪಟ್ಟಿಗಳಲ್ಲಿ ಕೆಲಸ ಆಗುತ್ತೆ.

ಯಾವ ಪ್ಲೈ ಅನ್ನೋದೂ ಮುಖ್ಯ. ಅಂಗಡಿಯವರು ಎಂಆರ್, ಬಿಡಬ್ಲ್ಯುಆರ್, ಮೆರೈನ್ ಅಂತ ತೋರಿಸ್ತಾರೆ. ಮೊದಲೆರಡೂ ಐಎಸ್ 303ಕ್ಕೆ ಸೇರಿದ್ದು, ಮೆರೈನ್ ಐಎಸ್ 710. ಮಲೆನಾಡಿನ ಮಳೆ, ಒದ್ದೆ ಶೂ, ಸೋರೋ ನೀರಿನ ಕ್ಯಾನು ಇವಕ್ಕೆ ಎಂಆರ್ ಬಾಳಿಕೆ ಬರಲ್ಲ, ಪದರ ಬಿಚ್ಚಿಕೊಳ್ಳುತ್ತೆ. ಇನ್ನೊಂದು ಕಾರಣವೂ ಇದೆ, ಅದನ್ನ ಯಾರೂ ಮಾತಾಡಲ್ಲ. ಅಗ್ಗದ ಪ್ಲೈನಲ್ಲಿ ಯೂರಿಯಾ ಫಾರ್ಮಾಲ್ಡಿಹೈಡ್ ಅಂಟು ಇರುತ್ತೆ. ಬಿಸಿಲಲ್ಲಿ ಗಾಜು ಏರಿಸಿ ನಿಲ್ಲಿಸಿದ ಗಾಡಿ ಒಲೆ ಇದ್ದ ಹಾಗೆ. ಕಣ್ಣು ಉರಿಸೋ ಆ ವಾಸನೆಯ ಜೊತೆಗೇ ರಾತ್ರಿ ಒಳಗೆ ಮಲಗಬೇಕು. ಮೆರೈನ್ ಪ್ಲೈಗೆ ಬಳಸೋ ಫಿನಾಲ್ ಫಾರ್ಮಾಲ್ಡಿಹೈಡ್ ಅಂಟು ಇಷ್ಟು ಬಿಟ್ಟುಕೊಡಲ್ಲ. ಹಾಗಾಗಿ ದಪ್ಪದಲ್ಲಿ ಉಳಿಸಿದ ದುಡ್ಡನ್ನ ದರ್ಜೆಗೆ ಹಾಕಿ.

ಈಗ ನಿಜವಾಗಿ ಭಯಪಡಬೇಕಾದ ವಿಷಯಕ್ಕೆ ಬರೋಣ. ಡ್ರಾಗಳ ಫೋಟೋ ನೋಡಿದಾಗ ನಮ್ಮ ಹುಡುಗರು ಕೇಳೋದು ಪಾಲಿಶ್ ಯಾವುದು, ಲೈಟು ಯಾವುದು ಅಂತ. ಪೆಟ್ಟಿಗೆಯನ್ನ ನೆಲಕ್ಕೆ ಹೇಗೆ ಕಟ್ಟಿದ್ದೀರಿ ಅಂತ ಕೇಳೋರು ಕಮ್ಮಿ. ಲೆಕ್ಕ ನೋಡಿ. ಸಾಮಾನು ಸೇರಿ 60 ಕೆ.ಜಿ. ಪೆಟ್ಟಿಗೆ, ಗಂಟೆಗೆ 50 ಕಿ.ಮೀ. ವೇಗ, ಎದುರಿಗೆ ಮರಕ್ಕೆ ಗುದ್ದಿ ಗಾಡಿಯ ಮೂತಿ 60 ಸೆಂ.ಮೀ. ಜಜ್ಜಿ ನಿಲ್ತು ಅಂದುಕೊಳ್ಳಿ. ವೇಗದ ವರ್ಗವನ್ನ ದೂರದ ಎರಡರಷ್ಟರಿಂದ ಭಾಗಿಸಿದರೆ ಸುಮಾರು 16 ಜಿ ಬರುತ್ತೆ. ಆ ಕ್ಷಣ ಪೆಟ್ಟಿಗೆ ಮುಂದಕ್ಕೆ ತಳ್ಳೋ ಬಲ ಹೆಚ್ಚುಕಮ್ಮಿ ಒಂದು ಟನ್ ಭಾರಕ್ಕೆ ಸಮ. ಅದರ ಮುಂದೆ ಇರೋದು ಹಿಂದಿನ ಸೀಟು, ಆ ಸೀಟಿನಲ್ಲಿ ಇರೋದು ನಿಮ್ಮ ಗೆಳೆಯನ ಬೆನ್ನು.

8.8 ದರ್ಜೆಯ ಒಂದು ಎಂ8 ಬೋಲ್ಟು ಎಳೆತದಲ್ಲಿ ಎರಡು ಟನ್ನಿನಷ್ಟು ತಡೀತದೆ. ಅಂಥವು ನಾಲ್ಕು ಹಾಕಿದರೆ ಬೋಲ್ಟು ಹರಿಯಲ್ಲ. ಹರಿಯೋದು ಬೋಲ್ಟಿನ ಸುತ್ತಲಿನ ಪ್ಲೈ, ಇಲ್ಲಾ ಅದರಡಿಯ ತೆಳು ತಗಡು. ಚಿಕ್ಕ ವಾಷರ್ ಹಾಕಿದರೆ ಅದು ಪ್ಲೈ ಒಳಗೆ ಮುಳುಗಿ ಆಚೆ ಬರುತ್ತೆ. ಅದಕ್ಕೆ ಬೋಲ್ಟಿನ ತಲೆಯಡಿ ಅಗಲದ ಉಕ್ಕಿನ ಪಟ್ಟಿ ಕೊಡಬೇಕು, ಕಂಪನಿಯೇ ಬಿಟ್ಟ ಬೋಲ್ಟಿನ ಜಾಗಗಳನ್ನ ಬಳಸಬೇಕು. ಹೊಸದಾಗಿ ತೂತು ಕೊರೆಯೋಕೆ ಹೊರಟರೆ ಕೆಳಗಡೆ ಡೀಸೆಲ್ ಟ್ಯಾಂಕು, ಬ್ರೇಕ್ ಪೈಪು ಇರಬಹುದು, ಜೋಕೆ. ಬರೀ ಅಂಟುಪಟ್ಟಿ ಅಥವಾ ಬಂಜಿ ಹಗ್ಗದಲ್ಲಿ ಕಟ್ಟಿದ ಡ್ರಾ ಎಷ್ಟೇ ಚಂದ ಇದ್ದರೂ ಅದನ್ನ ಗಾಡಿಗೆ ಹಾಕಬೇಡಿ.

ಡ್ರಾ ಎಳೆದಾಗಿನ ಲೆಕ್ಕವೂ ಮಜವಾಗಿದೆ. 900 ಎಂ.ಎಂ. ಉದ್ದದ, 30 ಕೆ.ಜಿ. ತುಂಬಿದ ಡ್ರಾವನ್ನ 700 ಎಂ.ಎಂ. ಹೊರಗೆಳೀರಿ. ಒಳಗೆ ಉಳಿದದ್ದು 200. ಅದರ ಗುರುತ್ವಕೇಂದ್ರ ಬಾಯಿಂದ 250 ಎಂ.ಎಂ. ಆಚೆ ಇದೆ. ಮೊಮೆಂಟ್ ತೂಗಿಸಿದರೆ ಡ್ರಾದ ಹಿಂತುದಿ ಮೇಲ್ಹಲಗೆಯನ್ನ 37.5 ಕೆ.ಜಿ. ಬಲದಿಂದ ಮೇಲಕ್ಕೆ ಒತ್ತುತ್ತೆ, ಬಾಯಿಯ ಅಂಚಿನ ಮೇಲೆ 67.5 ಕೆ.ಜಿ. ಕೂರುತ್ತೆ. ಇಟ್ಟದ್ದು ಮೂವತ್ತು, ಅಂಚು ಹೊತ್ತದ್ದು ಎರಡರಷ್ಟಕ್ಕಿಂತ ಜಾಸ್ತಿ. ಅಡುಗೆಮನೆಯ ಟೆಲಿಸ್ಕೋಪಿಕ್ ಚಾನೆಲ್ ತಂದು ಹಾಕಿದರೆ ಕೆಮ್ಮಣ್ಣಿನ ದೂಳು ಒಳಗೆ ಸೇರಿ, ಕುಲುಕಾಟಕ್ಕೆ ಅದರ ಗುಂಡುಗಳು ಕಿರುಗುಟ್ಟೋಕೆ ಶುರು ಮಾಡುತ್ತವೆ. ನನ್ನ ಮತ ಸರಳವಾದ್ದಕ್ಕೆ: ಅಂಚಿಗೆ ಎಚ್‌ಡಿಪಿಇ ಪಟ್ಟಿ, ಅದರ ಮೇಲೆ ಜಾರೋ ಮರ. ತರಕಾರಿ ಹೆಚ್ಚೋ ಪ್ಲಾಸ್ಟಿಕ್ ಹಲಗೆ ಕೊಯ್ದರೂ ಆಗುತ್ತೆ. ದೂಳು ಬಿದ್ದರೆ ಬಟ್ಟೆಯಲ್ಲಿ ಒರೆಸಿದರಾಯ್ತು. ಮುಂದೆ ಮಾತ್ರ ಗಟ್ಟಿ ಚಿಲಕ ಇರಲಿ. ಏರಿನಲ್ಲಿ ಡ್ರಾ ತಾನಾಗೇ ಬಾಗಿಲಿಗೆ ಬಂದು ಗುದ್ದಬಾರದು.

ಕಾನೂನಿನ ಮಾತೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಗಾಡಿಯ ಮೂಲ ವಿವರಗಳಿಗೆ ವಿರುದ್ಧವಾದ ಮಾರ್ಪಾಡನ್ನ ತಡೆಯುತ್ತೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿ ಹಿಡಿದಿದೆ. ಸೀಟಿನ ಸಂಖ್ಯೆ ಆರ್‌ಸಿಯಲ್ಲಿ ಬರೆದಿರುತ್ತೆ. ಆದ್ದರಿಂದ ಸೀಟು ಕಿತ್ತು ಚಾಸಿಗೆ ಬೆಸುಗೆ ಹಾಕೋ ಶೌರ್ಯ ಬೇಡ. ಇಬ್ಬರು ಸೇರಿ ನಾಲ್ಕು ಬೋಲ್ಟು ಬಿಚ್ಚಿ ಇಳಿಸೋ ಸಾಮಾನು ಮಾಡಿ. ಇಲ್ಲೂ 36 ಕೆ.ಜಿ. ಮರದ ಪೆಟ್ಟಿಗೆ ಗೆಲ್ಲುತ್ತೆ. ಇಳಿಸದೇನೇ ಜಾಕು, ಸ್ಟೆಪ್ನಿ ಕೈಗೆ ಸಿಗೋ ಹಾಗಿರಲಿ.

"ಇದೆಲ್ಲ ದುಡ್ಡಿದ್ದೋರ ಶೋಕಿ ಮಾರಾಯ, ನಮ್ಮ ಹತ್ತಿರ ಜಿಮ್ನಿ ಎಲ್ಲಿದೆ?" ಅಂತ ಕೇಳೋರಿಗೆ ನನ್ನ ಉತ್ತರ ಇಷ್ಟು. ನಮ್ಮಲ್ಲಿ ಕೆಟ್ಟ ದಾರಿಯಲ್ಲಿ ದಿನಾ ಓಡಾಡೋರು ಟೂರಿಸ್ಟುಗಳಲ್ಲ. ಹಳ್ಳಿ ಹಳ್ಳಿ ತಿರುಗೋ ಪಶುವೈದ್ಯರು, ಲೈನ್‌ಮನ್‌ಗಳು, ಅರಣ್ಯದ ಸಿಬ್ಬಂದಿ, ಪಂಪ್‌ಸೆಟ್ ರಿಪೇರಿಯವರು. ಅವರ ಬೊಲೆರೊ, ಹಳೇ ಜೀಪುಗಳ ಹಿಂದೆ ಇಣುಕಿ ನೋಡಿ: ಗೋಣಿಚೀಲ, ಪ್ಲಾಸ್ಟಿಕ್ ಕ್ರೇಟು, ಅದರ ಮೇಲೆ ಔಷಧಿ ಡಬ್ಬಿ. ಹಸು ಕರು ಹಾಕೋಕೆ ಒದ್ದಾಡ್ತಿರುವಾಗ ಡಾಕ್ಟರು ಕತ್ತಲಲ್ಲಿ ಹಗ್ಗ ಹುಡುಕ್ತಾ ನಿಂತಿರ್ತಾರೆ. ಪಶುವೈದ್ಯರ ಗಾಡಿಗೆ ಎರಡು ಡ್ರಾ ಮಾಡಿಕೊಟ್ಟರೆ ಅದು ಶೋಕಿ ಅಲ್ಲ. ಆಸ್ಟ್ರೇಲಿಯಾದವರ ರಜಾ ಸಾಮಾನು ನಮ್ಮೂರಲ್ಲಿ ದುಡಿಮೆಯ ಸಾಮಾನು ಆಗಬಹುದು.

ಇನ್ನು ನಮ್ಮ ವಿಷಯ. ಮೊದಲ ವರ್ಷ ವರ್ಕ್‌ಶಾಪಿನಲ್ಲಿ ಹಾಫ್ ಲ್ಯಾಪ್ ಜಾಯಿಂಟ್ ಅಂತ ಮರ ಉಜ್ಜಿದವರು ಎಷ್ಟೋ ಜನ ಇದ್ದೀರಿ. ಆ ತುಂಡು ಈಗ ಎಲ್ಲಿದೆ? ಅಂಕ ಬಿತ್ತು, ತುಂಡು ಮೂಲೆಗೆ ಬಿತ್ತು. ಕೊನೇ ವರ್ಷ ಬಂದಾಗ ಪ್ರಾಜೆಕ್ಟನ್ನೇ ಅಂಗಡಿಯಿಂದ ತರೋರು ಇದ್ದಾರೆ, ಇದು ಗುಟ್ಟೇನಲ್ಲ. ಡ್ರಾ ಹಾಗೆ ತರೋಕೆ ಆಗಲ್ಲ, ಯಾಕಂದ್ರೆ ಒಂದೊಂದು ಗಾಡಿಯ ಒಳಮೈ ಒಂದೊಂದು ಥರ. ಚಕ್ರದ ಉಬ್ಬು ಒಂದು ಕಡೆ, ಬಾಗಿಲ ಬಾಯಿ ಒಳಗಿಗಿಂತ ಕಿರಿದು, ಲಂಬಕೋನ ಅನ್ನೋದೇ ಇಲ್ಲ. ಪಾರ್ಸೆಲ್ಲಿನ ರಟ್ಟು ಕತ್ತರಿಸಿ ಅಚ್ಚು ತೆಗೀಬೇಕು, ಅಂಟಿನ ಜೊತೆ ಸ್ಕ್ರೂ ಕೊಡಬೇಕು, ಒಣಗೋ ತನಕ ಕಾಯಬೇಕು. ಕ್ಯಾಡ್‌ನಲ್ಲಿ ಶೂನ್ಯ ಗ್ಯಾಪ್ ಕೊಟ್ಟ ಡ್ರಾ ಮಳೆಗಾಲದಲ್ಲಿ ಉಬ್ಬಿ ಕಚ್ಚಿಕೊಳ್ಳುತ್ತೆ, ಎರಡು ಎಂ.ಎಂ. ಬಿಡಬೇಕು ಅಂತ ಮರ ತಾನೇ ಹೇಳಿಕೊಡುತ್ತೆ. ಮರಕ್ಕಿಂತ ಮೊದಲು ಆಚಾರಿ ಹೇಳಿಕೊಡ್ತಾರೆ. ಅವರ ಹತ್ತಿರ ಹೋಗಿ ಒಂದು ವಾರ ನಿಂತು ನೋಡಿ. ಉಳಿ ಹಿಡಿಯೋದು, ರಂದ ಹಾಕುವಾಗ ಎಳೆಯ ದಿಕ್ಕು ನೋಡೋದು, ಇವು ಯಾವ ಸಿಲಬಸ್ಸಿನಲ್ಲೂ ಇಷ್ಟು ಚೆನ್ನಾಗಿ ಸಿಗಲ್ಲ. ನಮಗೆ ಗೊತ್ತಿರೋ 16 ಜಿ ಲೆಕ್ಕ ಅವರಿಗೆ ಹೇಳೋಣ, ಅವರ ಕೈಯ ಲೆಕ್ಕ ನಾವು ಕಲಿಯೋಣ.

ನನ್ನ ಸಲಹೆ ದೊಡ್ಡದೇನಲ್ಲ. ಮುಂದಿನ ಸೆಮಿಸ್ಟರಿನ ಮಿನಿ ಪ್ರಾಜೆಕ್ಟಿಗೆ ನಾಲ್ಕು ಜನರ ಒಂದು ತಂಡ, ಎರಡು ಹಾಳೆ 12 ಎಂ.ಎಂ. ಮೆರೈನ್ ಪ್ಲೈ, ಒಬ್ಬ ಪಶುವೈದ್ಯರ ಗಾಡಿ. ಮೆಕ್ಯಾನಿಕಲ್‌ನವರು ಬೋಲ್ಟಿನ ಲೆಕ್ಕ ನೋಡಲಿ, ಸಿವಿಲ್‌ನವರು ಹಲಗೆ ಬಾಗೋದನ್ನ ನೋಡಲಿ, ಎಲೆಕ್ಟ್ರಿಕಲ್‌ನವರು ಒಳಗಿನ ದೀಪಕ್ಕೆ ಫ್ಯೂಸ್ ಮರೆಯದೆ ಹಾಕಲಿ. ಗಾಡಿಗೆ ಏರಿಸೋ ಮುಂಚೆ ತಕ್ಕಡಿಯ ಮೇಲಿಟ್ಟು ತೂಗಿ, ಆ ಅಂಕಿಯನ್ನ ಪೆಟ್ಟಿಗೆಯ ಒಳಮೈಯಲ್ಲೇ ಪೆನ್ಸಿಲ್‌ನಲ್ಲಿ ಬರೀರಿ. ಆರು ತಿಂಗಳು ಮಣ್ಣುದಾರಿಯಲ್ಲಿ ಓಡಿದ ಮೇಲೆ ಬೋಲ್ಟು ಸಡಿಲ ಆಗಿದೆಯಾ, ಅಂಟು ಬಿಟ್ಟಿದೆಯಾ ಅಂತ ನೋಡಿಕೊಂಡು ಬಂದು ವರದಿ ಬರೀರಿ. ವೈವಾದಲ್ಲಿ ಕೇಳೋ ಪ್ರಶ್ನೆಗೆ ಆಗ ಯಾರ ಪಿಪಿಟಿಯೂ ಬೇಕಾಗಲ್ಲ.